ಗುರುಗ್ರಹದ ಮುಷ್ಟಿಕಾಳಗ

ನಮ್ಮೂರಿನಲ್ಲಿ ತಯಾರಾದದ್ದು ಒಂದೇ ಒಂದು ಸಿನಿಮಾ. ಹೆಸರು ‘ಗುರುಗ್ರಹದ ಮುಷ್ಟಿಕಾಳಗ’. ನಿರ್ದೇಶಕ ಚಕ್ರಪಾಣಿ ಮೊದಲು ಅದಕ್ಕೆ ಶನಿಗ್ರಹದ ಹೆಸರಿಟ್ಟಿದ್ದ. ‘ಶನಿ ಅಂತ ಹೆಸರಿಟ್ಟ ಕೆಲಸಕ್ಕೆ ನಮ್ಮನೆ ಗಂಡಸರನ್ನ ಕಳಿಸಲ್ಲ’ ಎಂದು ಹೆಂಗಸರು ಕಡ್ಡಿ ಮುರಿದಂತೆ ಹೇಳಿದ ಮೇಲೆ ಕಥೆಯನ್ನು ಒಂದು ಗ್ರಹ ಈಚೆಗೆ ಎಳೆದುಕೊಂಡು, ಗುರುವಾರವೇ ಮುಹೂರ್ತ ಮಾಡಿದ. ಸಿನಿಮಾದಲ್ಲಿ ಒಂದು ರಾಕೆಟ್ಟು ಇತ್ತು. ಅದು ಡೇರಿಯವರು ಬಿಸಾಡಿದ ಹಾಲಿನ ಕ್ಯಾನು. ಹದಿನಾರು ಯಂತ್ರಮಾನವರಿದ್ದರು, ಅವರನ್ನು ಎಣ್ಣೆ ಡಬ್ಬದ ತಗಡಿನಿಂದ ಮಾಡಿದ್ದು ನಾನು ಮತ್ತು ನಮ್ಮಪ್ಪ. ಎಲ್ಲರ ಬೆನ್ನ ಮೇಲೂ ಕಡಲೆಕಾಯಿಯ ಚಿತ್ರ ಹಾಗೇ ಉಳಿದಿತ್ತು. ಅದಕ್ಕೇ ಇಡೀ ಸಿನಿಮಾದಲ್ಲಿ ಯಾವ ಯಂತ್ರಮಾನವನೂ ಬೆನ್ನು ತೋರಿಸುವುದಿಲ್ಲ. ನೋಡಿದವರು ಅದನ್ನು ಶೌರ್ಯ ಎಂದುಕೊಂಡರು.

ನನಗೀಗ ಅರವತ್ತು ದಾಟಿದೆ. ಆ ಒಂದು ತಿಂಗಳನ್ನು ನೆನೆಸಿಕೊಂಡರೆ ಇಂದಿಗೂ ಒಬ್ಬನೇ ನಗುತ್ತೇನೆ. ನಗುತ್ತಾ ನಗುತ್ತಾ ಒಂದು ಕಡೆ ಬಂದು ನಿಲ್ಲುತ್ತೇನೆ. ಅಲ್ಲಿಗೆ ಬರುವ ಮೊದಲು ಊರಿನ ವಿಷಯ ಹೇಳಬೇಕು.

ನಮ್ಮೂರಿನಲ್ಲಿ ಯಾರಿಗೂ ಯಾರನ್ನೂ ಹೊಡೆಯಲು ಆಗುವುದಿಲ್ಲ. ಎತ್ತಿದ ಕೈ ಎದುರಿನವರ ಮೈಗೆ ಒಂದು ಬೆರಳು ಉಳಿದಿರುವಾಗ ನಿಂತುಬಿಡುತ್ತದೆ. ಮೊಣಕೈಗೆ ಸ್ವಲ್ಪ ಜೋಮು ಹಿಡಿದಂತಾಗುತ್ತದೆ, ಅಷ್ಟೇ. ಕೋಲು ಬೀಸಿದರೂ, ಕಲ್ಲು ಎಸೆದರೂ ಅದೇ ಕಥೆ. ಕೂಸಿನ ಬೆನ್ನು ತಟ್ಟಬಹುದು, ಕ್ಷೌರದವನು ನೆತ್ತಿಗೆ ಎಣ್ಣೆ ತಟ್ಟಬಹುದು, ಎಡವಿ ಬಿದ್ದರೆ ಎಲ್ಲ ಊರಿನಂತೆ ಮಂಡಿ ತರಚುತ್ತದೆ. ಜಗಳವೂ ಬೇಕಾದಷ್ಟು ಇದೆ. ಬೈಗುಳದಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಬೈದು ಬೈದು ಬಾಯಿ ಒಣಗಿದ ಮೇಲೆ ಇಬ್ಬರೂ ಕೈ ಎತ್ತುತ್ತಾರೆ, ಕೈಗಳು ನಡುವೆ ನಿಲ್ಲುತ್ತವೆ, ಬಸ್ಸಿಗೆ ಕೈ ತೋರಿಸುವವರ ಹಾಗೆ ಕೊಂಚ ಹೊತ್ತು ನಿಂತಿದ್ದು ನಾಚಿಕೆಯಾಗಿ ಹೋಟೆಲಿಗೆ ನಡೆಯುತ್ತಾರೆ. ಮೊದಲು ಕೈ ಎತ್ತಿದವನು ಟೀ ಕುಡಿಸಬೇಕು, ಅದು ಪದ್ಧತಿ. ಮೇಷ್ಟ್ರ ಬೆತ್ತ ನಕ್ಷೆಯಲ್ಲಿ ನದಿ ತೋರಿಸಲು ಮಾತ್ರ ಬಳಕೆಯಾಗುತ್ತದೆ. ಟೆಂಟಿನಲ್ಲಿ ಸಿನಿಮಾ ಬಂದಾಗ ಹೊಡೆದಾಟ ಶುರುವಾಯಿತೆಂದರೆ ಗಂಡಸರೆಲ್ಲ ಬೀಡಿ ಸೇದಲು ಎದ್ದು ಹೋಗುತ್ತಿದ್ದರು. ಹಾಡಿನಲ್ಲಿ ಎಲ್ಲಿಂದಲೋ ಮೂವತ್ತು ಜನ ಬಂದು ಕುಣಿಯುತ್ತಾರಲ್ಲ, ಇದೂ ಅಂಥದ್ದೇ ಒಂದು ಕಟ್ಟುಕಥೆ ಎಂದು ನಮ್ಮ ಎಣಿಕೆ. ಊರಾಚೆಯ ಸೇತುವೆ ದಾಟಿದರೆ ಹಾಗಲ್ಲವಂತೆ ಎಂದು ಕೇಳಿದ್ದೆವು. ಆದರೆ ಸೇತುವೆಯ ಆಚೆಗೆ ನಾವು ಹೋಗುತ್ತಿದ್ದುದು ಬಸ್ಸು ಹತ್ತಿ ಸಂತೆಗೋ ಮದುವೆಗೋ ಹೋಗಲು. ಅಲ್ಲಿ ನಮಗೆ ಹೊಡೆಯುವವರು ಯಾರು?

ಚಕ್ರಪಾಣಿ ನಮ್ಮೂರನ್ನು ಹುಡುಕಿಕೊಂಡು ಬಂದದ್ದೇ ಇದಕ್ಕೆ. ದೊಡ್ಡ ಊರಿನಲ್ಲಿ ಹತ್ತು ವರ್ಷ ಇನ್ನೊಬ್ಬರ ಕ್ಯಾಮೆರಾ ಹೊತ್ತು, ಕೊನೆಗೆ ಅದರಲ್ಲೇ ಹಳೆಯದೊಂದನ್ನು ಕೊಂಡು, ತಾರೀಕು ಮುಗಿದ ಫಿಲಂ ರೀಲುಗಳನ್ನು ತುಂಬಿಕೊಂಡು ಬಂದಿದ್ದ. ಆಗ ಎಲ್ಲೆಲ್ಲೂ ಕರಾಟೆಯ ಹುಚ್ಚು. ಹೊಡೆದಾಟದ ಸಿನಿಮಾಕ್ಕೆ ಫೈಟರುಗಳು ಬೇಕು, ಅವರಿಗೊಬ್ಬ ಮಾಸ್ಟರು ಬೇಕು, ಕೈಕಾಲು ಮುರಿದರೆ ಡಾಕ್ಟರು ಬೇಕು. ನಮ್ಮೂರಿನಲ್ಲಿ ಇದೊಂದೂ ಬೇಡ. ಬಂದ ದಿನ ಹಿಟ್ಟಿನ ಗಿರಣಿಯ ರುದ್ರಮುನಿಯನ್ನು ಎದುರಿಗೆ ನಿಲ್ಲಿಸಿಕೊಂಡು, ‘ನನ್ನ ಮೂಗಿಗೆ ಗುದ್ದಪ್ಪ’ ಎಂದ. ರುದ್ರಮುನಿ ಎರಡು ಕ್ವಿಂಟಾಲು ಮೂಟೆಯನ್ನು ಬೇಕಾದರೆ ಒಬ್ಬನೇ ಉರುಳಿಸುವ ಆಳು. ನಾಚಿಕೊಳ್ಳುತ್ತಲೇ ಗುದ್ದಿದ. ಮುಷ್ಟಿ ಮೂಗಿನ ಮುಂದೆ ನಿಂತಿತು. ಚಕ್ರಪಾಣಿಯ ಕಣ್ಣಲ್ಲಿ ನೀರೇ ಬಂತು. ‘ನೀನೇ ಹೀರೋ’ ಎಂದ. ರುದ್ರಮುನಿ ಮೊದಲು ಕೈ ಎತ್ತಿದವನು ತಾನಲ್ಲವೇ ಎಂದು ಅವನನ್ನು ಕರೆದುಕೊಂಡು ಹೋಗಿ ಟೀ ಕುಡಿಸಿದ.

ಊರಿನ ಪಶ್ಚಿಮಕ್ಕೆ ಕೆಲಸ ನಿಂತುಹೋದ ಸುಣ್ಣದ ಗೂಡುಗಳಿದ್ದವು. ಸುತ್ತ ನೆಲವೆಲ್ಲ ಬಿಳಿ, ಒಂದು ಹುಲ್ಲುಕಡ್ಡಿ ಇಲ್ಲ. ಅದೇ ಗುರುಗ್ರಹ. ಕಬ್ಬಿಣದ ಗ್ರಹದ ರಾಜನೊಬ್ಬ ಯಂತ್ರಮಾನವರೊಂದಿಗೆ ದಂಡೆತ್ತಿ ಬರುತ್ತಾನೆ, ಭೂಮಿಯಿಂದ ಬಂದ ಹೀರೋ ಬರಿಗೈಯಲ್ಲಿ ಎಲ್ಲರನ್ನೂ ಬಡಿಯುತ್ತಾನೆ, ಇಷ್ಟೇ ಕಥೆ. ಕಬ್ಬಿಣದ ರಾಜ ನಮ್ಮ ಸ್ಕೂಲಿನ ಡ್ರಿಲ್ ಮೇಷ್ಟ್ರು ಜೋಸೆಫ್. ಅವರ ಶಿರಸ್ತ್ರಾಣ ಒಂದು ಇಡ್ಲಿ ಪಾತ್ರೆ. ಆಷಾಢದ ಗಾಳಿಗೆ ತಗಡಿನ ಮನುಷ್ಯರು ಕಾಲೂರಲಾಗದೆ ಒಬ್ಬರ ಮೇಲೊಬ್ಬರು ಬೀಳುವರು. ಅಪ್ಪ ಪ್ರತಿಯೊಬ್ಬನ ಕಾಲಿಗೂ ಒಂದೊಂದು ತೂಕದ ಕಲ್ಲು ಕಟ್ಟಿಸಿದರು. ಅಪ್ಪನ ಹೆಸರು ಮೌನಾಚಾರ್. ನಲವತ್ತು ವರ್ಷ ತಗಡು ಬಡಿದ ಕೈ. ಬಕೆಟ್ಟು, ಟ್ರಂಕು, ಲಾಳಿಕೆ ಮಾಡುತ್ತಿದ್ದವರಿಗೆ ಮೊದಲ ಸಲ ಮನುಷ್ಯನ ಆಕಾರ ಮಾಡುವ ಕೆಲಸ ಸಿಕ್ಕಿತ್ತು. ಖುಷಿಯಾಗಿದ್ದರು. ಅಮ್ಮ ತೀರಿಕೊಂಡ ಮೇಲೆ ಅವರು ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

ಆ ಆಷಾಢಕ್ಕೇ ವನಜಕ್ಕ ಬಂದಿದ್ದಳು. ನನಗಿಂತ ಆರು ವರ್ಷ ದೊಡ್ಡವಳು. ಮೂರು ಬಸ್ಸು ಬದಲಿಸಿ ಹೋಗಬೇಕಾದ ಊರಿನ ಅಕ್ಕಸಾಲಿಗ ನಾಗಲಿಂಗ ಭಾವನಿಗೆ ಕೊಟ್ಟಿತ್ತು. ಮದುವೆಯಾಗಿ ಆರು ವರ್ಷವಾದವಳು ಆಷಾಢಕ್ಕೆ ತವರಿಗೆ ಬರುತ್ತಾಳೆಯೇ ಎಂದು ಬೀದಿಯವರು ತಮಾಷೆ ಮಾಡಿದರು. ಕೆನ್ನೆಯ ಮೇಲೆ ಹಳದಿಗೆ ತಿರುಗಿದ ಕಲೆಯೊಂದಿತ್ತು. ಬಚ್ಚಲಲ್ಲಿ ಜಾರಿರಬೇಕು ಎಂದುಕೊಂಡೆ.

ಬಂದ ದಿನವೇ ಅವಳು ಹೇಳಿದಳು. ಅಪ್ಪ ಅಂಗಡಿಯಲ್ಲಿ ಬಕೆಟ್ಟಿಗೆ ಹಿಡಿ ಕೂರಿಸುತ್ತಿದ್ದರು, ನಾನು ತಗಡು ಹಿಡಿದುಕೊಂಡಿದ್ದೆ.

‘ಅಪ್ಪಾ, ನಾನು ಇನ್ನು ಹೋಗಲ್ಲ. ಅವರು ಹೊಡೀತಾರೆ.’

ಅಪ್ಪ ಸುತ್ತಿಗೆ ಇಳಿಸಿದರು. ‘ಕೈ ಎತ್ತುತ್ತಾರಾ?’

‘ಹೊಡೀತಾರೆ ಅಪ್ಪ.’

‘ಸಿಟ್ಟು ಬಂದಾಗ ಎಲ್ಲರೂ ಎತ್ತೋದೇ ಕಣಮ್ಮ. ನಾನು ನಿಮ್ಮಮ್ಮನ ಮೇಲೆ ಎತ್ತಿಲ್ವಾ, ಅವಳು ನನ್ನ ಮೇಲೆ ಎತ್ತಿಲ್ವಾ? ಎತ್ತಿದ ಕೈ ಇಳಿಯುತ್ತೆ. ಅದಕ್ಕೆಲ್ಲ ಮನೆ ಬಿಟ್ಟು ಬರ್ತಾರಾ?’

ನಾನು ಅದಕ್ಕಿಂತ ಒಂದು ಕೈ ಮೇಲೆ. ಇಪ್ಪತ್ತೆರಡು ವರ್ಷದ ಕತ್ತೆ, ಕುತೂಹಲದಿಂದ ಕೇಳಿದೆ: ‘ಹೊಡೆದ್ರೆ ಏನಾಗುತ್ತಕ್ಕ?’

ಅಕ್ಕ ನನ್ನನ್ನೇ ನೋಡಿದಳು. ‘ಏನಿಲ್ಲ ಬಿಡು’ ಎಂದು ಒಳಗೆ ಹೋಗಿ ಅಕ್ಕಿ ತೊಳೆಯತೊಡಗಿದಳು. ಅಪ್ಪ ಕೆಟ್ಟವರಲ್ಲ. ಅವಳನ್ನು ಕಂಡರೆ ಪ್ರಾಣ. ಗಂಡ ಹೆಂಡಿರ ಮುನಿಸು, ತಿಂಗಳು ತವರಲ್ಲಿದ್ದರೆ ಸರಿಹೋಗುತ್ತದೆ ಎಂದು ನಂಬಿದರು. ಶ್ರಾವಣದ ಮೊದಲ ಸೋಮವಾರ ಬಂದು ಕರೆದುಕೊಂಡು ಹೋಗಿ ಎಂದು ಭಾವನಿಗೆ ಕಾಗದ ಬರೆಸಿದರು. ಕಾಗದ ಬರೆದವನು ನಾನೇ.

ಅಷ್ಟರಲ್ಲಿ ಶೂಟಿಂಗು ನಾಲ್ಕು ದಿನಕ್ಕೇ ಕುಂಟತೊಡಗಿತ್ತು. ರುದ್ರಮುನಿ ಗುದ್ದುವುದನ್ನು ಹೇಗೋ ಕಲಿತ. ಗುದ್ದಿಸಿಕೊಳ್ಳುವವರಿಗೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಒಬ್ಬ ಬಿಸಿಲಿಗೆ ತಲೆ ಸುತ್ತಿದವನಂತೆ ಹಣೆಗೆ ಕೈ ಹಚ್ಚಿಕೊಂಡು ಕುಳಿತ. ಇನ್ನೊಬ್ಬ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಕಾಲಿಟ್ಟವನಂತೆ ಜಾರಿದ. ಡ್ರಿಲ್ ಮೇಷ್ಟ್ರಂತೂ ಏಟು ಬಿದ್ದ ತಕ್ಷಣ ಅಟೆನ್ಷನ್ನಿನಲ್ಲಿ ನಿಂತು, ‘ಈಗ ಬೀಳ್ಲಾ ಸಾರ್?’ ಎಂದು ಕೇಳಿದರು. ಚಕ್ರಪಾಣಿ ಕ್ಯಾಪು ತೆಗೆದು ನೆಲಕ್ಕೆ ಬಡಿದ. ‘ಅಯ್ಯೋ ಮಾರಾಯ್ರಾ, ಏಟು ಬಿದ್ದೋರ್ನ ಒಬ್ಬರನ್ನಾದ್ರೂ ನೋಡಿಲ್ವಾ ನೀವು?’ ಎಂದ. ಎಲ್ಲರೂ ಇಲ್ಲವೆಂದು ತಲೆಯಾಡಿಸಿದರು. ನೋಡಿರಲಿಲ್ಲ.

ಅಕ್ಕ ಬುತ್ತಿ ತಂದಿದ್ದಳು. ಹದಿನಾರು ಯಂತ್ರಮಾನವರಿಗೂ ಅವಳದೇ ಚಿತ್ರಾನ್ನ. ಪಾತ್ರೆಯನ್ನು ಗೂಡಿನ ನೆರಳಲ್ಲಿ ಇಟ್ಟು ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದವಳು, ಸೆರಗಿಗೆ ಕೈ ಒರೆಸಿಕೊಂಡು ನಡುವೆ ಬಂದಳು.

‘ಹಂಗಲ್ಲ ಮೇಷ್ಟ್ರೇ’ ಎಂದಳು. ‘ಕೈ ಬರೋಕೆ ಮುಂಚೇನೇ ಎಡಗಡೆ ಭುಜ ಮೇಲೆ ಏಳುತ್ತೆ. ನಾವು ಏಳಿಸೋದಲ್ಲ, ಅದೇ ಏಳುತ್ತೆ. ಕೈ ಕಿವಿಗೆ ಹೋಗುತ್ತೆ, ಕೆನ್ನೆಗಲ್ಲ. ಕೆನ್ನೆ ಆಮೇಲೆ ಉರಿಯೋದು, ಮೊದಲು ಕಿವಿ ಗುಯ್ ಅನ್ನುತ್ತೆ. ಬಿದ್ದೋರು ಹೊಡೆದೋರನ್ನ ನೋಡಲ್ಲ. ಬಾಗಿಲು ಎಲ್ಲಿದೆ ಅಂತ ನೋಡ್ತಾರೆ.’

ಹೇಳಿದ್ದಷ್ಟೇ ಅಲ್ಲ, ಮಾಡಿ ತೋರಿಸಿದಳು. ಒಂದು, ಎರಡು, ಮೂರು ಎಂದು ರುದ್ರಮುನಿ ಎಣಿಸಬೇಕು; ಮೂರು ಎಂದಾಗ ಅವಳು ಬೀಳುತ್ತಿದ್ದಳು. ಬಿಳಿ ನೆಲದ ಮೇಲೆ ಹಾಗೆ ಬಿದ್ದು, ಎದ್ದು, ಸೀರೆಯ ಸುಣ್ಣ ಕೊಡವಿಕೊಂಡಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಶಿಳ್ಳೆ ಹಾಕಿದವನು ನಾನು. ನಮ್ಮಕ್ಕನಿಗೆ ಇಂಥ ವಿದ್ಯೆ ಇದೆ ಎಂದು ನನಗೇ ಗೊತ್ತಿರಲಿಲ್ಲ.

‘ಎಲ್ಲಿ ಕಲಿತ್ರಿ ಅಕ್ಕಾ?’ ಎಂದು ರುದ್ರಮುನಿ ಬೆರಗಾಗಿ ಕೇಳಿದ.

‘ನಮ್ಮ ಆ ಊರಲ್ಲಿ’ ಎಂದಳು ಅಕ್ಕ.

ಚಕ್ರಪಾಣಿ ಒಬ್ಬ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಬಗ್ಗಿ ಕ್ಯಾಪು ಎತ್ತಿಕೊಂಡು, ಅದರ ಧೂಳನ್ನು ಬಹಳ ಹೊತ್ತು ಒರೆಸುತ್ತ ನಿಂತಿದ್ದ.

ಅವತ್ತಿನಿಂದ ಅಕ್ಕ ಶೂಟಿಂಗಿನ ‘ಏಟಿನ ಟೀಚರು’. ಬೆಳಿಗ್ಗೆ ಯಂತ್ರಮಾನವರೆಲ್ಲ ಸಾಲಾಗಿ ನಿಂತು ಅವಳ ಹತ್ತಿರ ಪಾಠ ಹೇಳಿಸಿಕೊಳ್ಳುತ್ತಿದ್ದರು. ಹೊಟ್ಟೆಗೆ ಬಿದ್ದರೆ ಉಸಿರು ಹೇಗೆ ಸಿಕ್ಕಿಕೊಳ್ಳುತ್ತದೆ, ಕೂದಲು ಹಿಡಿದರೆ ಎರಡೂ ಕೈ ಎಲ್ಲಿಗೆ ಹೋಗುತ್ತವೆ, ಗೋಡೆಗೆ ಒರಗಿದವರು ಯಾಕೆ ನಿಧಾನವಾಗಿ ಜಾರುತ್ತಾರೆ, ಎಲ್ಲ ಬಲ್ಲವಳು. ಊರಿಗೆ ಅದೇ ಆಟವಾಯಿತು. ಹೋಟೆಲಿನಲ್ಲಿ, ಕೆರೆ ದಂಡೆಯಲ್ಲಿ, ಸ್ಕೂಲಿನ ಬಯಲಿನಲ್ಲಿ ಎಲ್ಲಿ ನೋಡಿದರೂ ಜನ ಭುಜ ಎತ್ತಿ ಕಿವಿ ಮುಚ್ಚಿಕೊಂಡು ಬೀಳುತ್ತಿದ್ದರು. ಸೊಸೈಟಿಯ ಸೆಕ್ರೆಟರಿ ಸಕ್ಕರೆ ತೂಗುತ್ತಲೇ ಒಂದು ಸಲ ಬಿದ್ದು ತೋರಿಸಿದರು. ಅಕ್ಕನೂ ನಗುತ್ತಿದ್ದಳು. ಅವಳು ಆ ತಿಂಗಳು ನಕ್ಕಳು ಎನ್ನುವುದು ನನಗೆ ಚೆನ್ನಾಗಿ ನೆನಪಿದೆ. ಕೆನ್ನೆಯ ಕಲೆ ಮಾಸಿಹೋಗಿತ್ತು, ಚಿತ್ರಾನ್ನಕ್ಕೆ ಹಸಿಮೆಣಸು ಹೆಚ್ಚು ಹಾಕಿ ಡ್ರಿಲ್ ಮೇಷ್ಟ್ರ ಕಣ್ಣಲ್ಲಿ ನೀರು ಬರಿಸುವಷ್ಟು ತುಂಟತನವೂ ತಿರುಗಿ ಬಂದಿತ್ತು.

ಕ್ಯಾಮೆರಾದಲ್ಲಿ ಶಬ್ದ ಹಿಡಿಯುವ ಅನುಕೂಲ ಇರಲಿಲ್ಲ. ಏಟಿನ ಸದ್ದನ್ನು ಬೇರೆಯಾಗಿ ಟೇಪ್ ರೆಕಾರ್ಡರಿಗೆ ತುಂಬಬೇಕಿತ್ತು. ಆ ಕೆಲಸ ಅಪ್ಪನದು. ಖಾಲಿ ಯಂತ್ರಮಾನವನನ್ನು ಗುದ್ದಿ ನೋಡಿದರು, ಗೋಣಿಚೀಲ ಬಡಿದರು, ಕೊನೆಗೆ ರಾಗಿಮುದ್ದೆಯನ್ನು ಹಲಗೆಯ ಮೇಲೆ ಅಪ್ಪಳಿಸಿ, ‘ಇದು ಹೇಗಿದೆ ವನಜಾ?’ ಎಂದು ಹೆಮ್ಮೆಯಿಂದ ಕೇಳಿದರು.

‘ಅಷ್ಟು ಸದ್ದು ಬರಲ್ಲಪ್ಪ’ ಎಂದಳು ಅಕ್ಕ. ‘ಪಕ್ಕದ ಮನೇವ್ರಿಗೂ ಕೇಳಲ್ಲ.’

ಅಪ್ಪ ತಲೆದೂಗಿ ಮುದ್ದೆಯನ್ನು ಸ್ವಲ್ಪ ಮೆಲ್ಲಗೆ ಅಪ್ಪಳಿಸಿದರು. ಅಳತೆ ಹೇಳಿದರೆ ಅದರಂತೆ ತಗಡು ಕತ್ತರಿಸುವ ಕಸುಬುದಾರರು ಅವರು. ಇದನ್ನೂ ಒಂದು ಅಳತೆ ಎಂದೇ ತಿಳಿದರು. ನಾನೂ ಅಲ್ಲೇ ಇದ್ದೆ, ಟೇಪ್ ರೆಕಾರ್ಡರಿನ ಗುಂಡಿ ಒತ್ತುತ್ತಿದ್ದೆ.

ಒಂದು ಮಧ್ಯಾಹ್ನ ಚಕ್ರಪಾಣಿ ನನ್ನನ್ನು ರಾಕೆಟ್ಟಿನ ಹಿಂದಕ್ಕೆ ಕರೆದ. ‘ಗಂಗಾಧರ, ನಿಮ್ಮಕ್ಕ ವಾಪಸ್ ಹೋಗ್ಲೇಬೇಕಾ?’

‘ಸೋಮವಾರ ಭಾವ ಬರ್ತಾರೆ ಸಾರ್. ಹೋಗ್ಬೇಕಲ್ಲ.’

‘ಆಚಾರ್ರಿಗೆ ನಾನು ಒಂದು ಮಾತು ಹೇಳಿದ್ರೆ ಕೇಳ್ತಾರಾ?’

‘ಶೂಟಿಂಗ್ ಬಾಕಿ ಇದೆ ಅಂತಲಾ? ಇನ್ನೆರಡು ದಿನ ಬೇಕಾದ್ರೆ ಇರ್ತಾಳೆ ಬಿಡಿ’ ಎಂದೆ. ಅವನು ಅಪ್ಪನ ಹತ್ತಿರ ಹೋಗಿ ಹೇಳಿಯೂ ಹೇಳಿದ. ಅದನ್ನು ನಾನು ಕೇಳಿಸಿಕೊಂಡೆ. ‘ಆಚಾರ್ರೇ, ನಿಮ್ಮ ಮಗಳಿಗೆ ಅಲ್ಲಿ ಬಹಳ ಏಟು ಬಿದ್ದಿದೆ’ ಎಂದ. ಅಪ್ಪ ಸಮಾಧಾನದಿಂದ, ‘ಹೌದು ಸ್ವಾಮಿ, ಅವಳೂ ಹೇಳಿದ್ಲು. ಅಳಿಯಂದಿರಿಗೆ ಸ್ವಲ್ಪ ಮುಂಗೋಪ’ ಎಂದರು. ಚಕ್ರಪಾಣಿ ತಿರುಗಿ ಬಂದ. ಬೇರೆ ಯಾವ ಪದದಲ್ಲಿ ಹೇಳಿಯಾನು?

ಸೋಮವಾರ ಬಂತು. ಕೊನೆಯ ಕಾಳಗದ ಶೂಟಿಂಗು ಅದೇ ದಿನ. ಅಕ್ಕ ಬೆಳಿಗ್ಗೆಯೇ ಟ್ರಂಕು ತುಂಬಿ ಬಾಗಿಲಿನ ಪಕ್ಕದಲ್ಲಿಟ್ಟಿದ್ದಳು. ಅತ್ತು ಕರೆದು ಮಾಡಲಿಲ್ಲ. ಯಂತ್ರಮಾನವರಿಗೆ ಚಿತ್ರಾನ್ನ ಕಟ್ಟುವುದನ್ನೂ ಬಿಡಲಿಲ್ಲ. ಸಂಜೆ ಐದಕ್ಕೆ ಬಸ್ಸು.

ಭಾವ ಹತ್ತು ಗಂಟೆಗೆ ಬಂದರು. ಬಿಳಿ ಪಂಚೆ, ಮಡಿಕೆ ಮುರಿಯದ ಅಂಗಿ, ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ. ಅಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಬೀದಿಯವರನ್ನೆಲ್ಲ ಹೆಸರು ಹಿಡಿದು ಮಾತಾಡಿಸಿದರು. ನಮಗೆಲ್ಲ ಅವರನ್ನು ಕಂಡರೆ ಇಷ್ಟ. ನಮ್ಮೂರಿಗೆ ಬಂದಾಗ ಅವರಷ್ಟು ಸಾಧು ಮನುಷ್ಯ ಇನ್ನೊಬ್ಬರಿರಲಿಲ್ಲ. ಶೂಟಿಂಗು ನೋಡಬೇಕೆಂದು ಅವರೇ ಆಸೆಪಟ್ಟರು. ನಾನೇ ಉತ್ಸಾಹದಿಂದ ಸುಣ್ಣದ ಗೂಡಿಗೆ ಕರೆದುಕೊಂಡು ಹೋದೆ. ಕೊನೆಯ ದಿನವೆಂದು ಇಡೀ ಊರೇ ಅಲ್ಲಿ ಸೇರಿತ್ತು.

ಕಬ್ಬಿಣದ ರಾಜ ಹೀರೋನ ಕಪಾಳಕ್ಕೆ ಹೊಡೆಯುವ ದೃಶ್ಯ. ಜೋಸೆಫ್ ಮೇಷ್ಟ್ರು ಆರು ಸಲ ಕೈ ಬೀಸಿದರು. ಆರು ಸಲವೂ ಮಕ್ಕಳಿಗೆ ಎಡಕ್ಕೆ ತಿರುಗು ಎಂದು ಹೇಳಿಕೊಟ್ಟ ಹಾಗಿತ್ತು. ಭಾವನಿಗೆ ನಗು ತಡೆಯಲಿಲ್ಲ. ‘ಇದೇನು ಸ್ವಾಮಿ, ಸೊಳ್ಳೆ ಓಡಿಸ್ತಿದ್ದಾರಾ?’ ಎಂದರು.

ಚಕ್ರಪಾಣಿ ಕ್ಯಾಮೆರಾದಿಂದ ಕಣ್ಣು ತೆಗೆದ. ಭಾವನನ್ನು ಒಂದು ಗಳಿಗೆ ದಿಟ್ಟಿಸಿದ. ಅವನು ಬೇಕೆಂದೇ ಹಾಗೆ ಮಾಡಿದನೋ, ಬರೀ ಸಿನಿಮಾದ ಚಿಂತೆಯಿಂದ ಮಾಡಿದನೋ ನನಗೆ ಇಂದಿಗೂ ತಿಳಿಯದು. ‘ನಿಮಗೆ ಬರುತ್ತೆ ಅಂತ ಕಾಣುತ್ತೆ. ಒಂದ್ಸಲ ತೋರಿಸಿ’ ಎಂದ.

ಭಾವ ಪಂಚೆ ಎತ್ತಿ ಕಟ್ಟಿ, ಅಂಗಿಯ ತೋಳು ಮಡಚಿ ಮುಂದೆ ಬಂದರು. ರುದ್ರಮುನಿಯನ್ನು ಎದುರಿಗೆ ನಿಲ್ಲಿಸಬೇಕಿತ್ತು. ಆಗ ಗುಂಪಿನಿಂದ ಒಂದು ಕೂಗು ಎದ್ದಿತು: ‘ರುದ್ರಮುನಿ ಬೇಡ! ಅಕ್ಕ ನಿಲ್ಲಲಿ! ಏಟಿನ ಟೀಚರ್ ನಿಲ್ಲಲಿ!’ ಕೂಡಲೇ ಎಲ್ಲರೂ ಕೂಗತೊಡಗಿದರು, ಶಿಳ್ಳೆ ಹಾಕಿದರು, ತಗಡಿನ ಎದೆಗಳನ್ನು ಬಡಿದರು. ಗಂಡ ಹೆಂಡತಿ ಇಬ್ಬರೂ ಕಲಾವಿದರು, ಜೋಡಿ ಎಷ್ಟು ಚೆಂದ ಎಂದು ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಂಡರು. ಮೊದಲು ಕೂಗಿದವನು ನಾನು. ಇದನ್ನು ನಾನು ಯಾರ ಮೇಲೂ ಹಾಕುವ ಹಾಗಿಲ್ಲ.

ಅಕ್ಕ ಚಿತ್ರಾನ್ನದ ಪಾತ್ರೆಯ ಹತ್ತಿರ ನಿಂತಿದ್ದಳು. ಅವಳು ಬರಲಾರೆ ಎನ್ನಲಿಲ್ಲ. ನಮ್ಮೂರಿನಲ್ಲಿ ಕೈ ತಾಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತಲ್ಲ. ಬಂದು ಎದುರಿಗೆ ನಿಂತಳು. ರುದ್ರಮುನಿ ಎಣಿಸಲು ಗಂಟಲು ಸರಿಮಾಡಿಕೊಂಡ. ಕ್ಯಾಮೆರಾ ಗಿರಿಗಿರಿ ಎನ್ನುತ್ತಿತ್ತು.

ರುದ್ರಮುನಿ ಒಂದು ಎನ್ನುವ ಮೊದಲೇ ಭಾವ ಕೈ ಎತ್ತಿದರು. ಕೈ ಅವರ ಎದೆಯ ಮಟ್ಟಕ್ಕೂ ಬಂದಿರಲಿಲ್ಲ. ಅಕ್ಕನ ಎಡಭುಜ ಎದ್ದಿತು, ಅಂಗೈ ಕಿವಿಗೆ ಹೋಯಿತು, ಅವಳು ನೆಲದ ಮೇಲಿದ್ದಳು. ಮಂಡಿ ಎದೆಗೆ ಎಳೆದುಕೊಂಡಿದ್ದಳು. ಅವಳ ಕಣ್ಣು ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ಹರಿದಾಡಿತು. ಆ ಬಟಾಬಯಲಿನಲ್ಲಿ ಅವಳು ಬಾಗಿಲು ಹುಡುಕುತ್ತಿದ್ದಳು. ಭಾವನ ಕೈ, ಯಾರೂ ಇಲ್ಲದ ಜಾಗದಲ್ಲಿ, ಗಾಳಿಯನ್ನು ಸೀಳಿಕೊಂಡು ಹೋಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಂದು ತಿಂಗಳು ನಾವೆಲ್ಲ ಅದನ್ನೇ ಕಲಿತಿದ್ದೆವು. ಪಾಠ ಯಾವುದು, ಇದು ಯಾವುದು ಎಂದು ನಮ್ಮೂರಿನಲ್ಲಿ ಈಗ ಸಣ್ಣ ಮಕ್ಕಳಿಗೂ ಗೊತ್ತಾಗುತ್ತಿತ್ತು. ಪಾಠದಲ್ಲಿ ಅಕ್ಕ ಮೂರರ ತನಕ ಕಾಯುತ್ತಿದ್ದಳು. ಸೊಸೈಟಿಯ ಸೆಕ್ರೆಟರಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತಗಡಿನೊಳಗೆ ಯಾರೋ ಬಿಕ್ಕಿದ್ದು ಕೇಳಿಸಿತು.

‘ನೋಡಿ, ಹೀಗೆ’ ಎಂದು ಭಾವ ನಕ್ಕರು. ಅವರಿಗೆ ಏನೂ ಗೊತ್ತಾಗಲಿಲ್ಲ.

ಅಪ್ಪ ಒಬ್ಬ ಯಂತ್ರಮಾನವನ ಕಳಚಿದ ಕೈಯನ್ನು ರಿಪೇರಿ ಮಾಡಿ ತಂದಿದ್ದರು. ಅದನ್ನು ನೆಲಕ್ಕಿಟ್ಟು ನಡೆದುಬಂದು ಅಳಿಯನ ಕಪಾಳಕ್ಕೆ ಕೈ ಬೀಸಿದರು. ಕೈ ಒಂದು ಬೆರಳು ದೂರದಲ್ಲಿ ನಿಂತಿತು. ಮತ್ತೆ ಬೀಸಿದರು. ಮತ್ತೆ ನಿಂತಿತು. ನಮ್ಮೂರಿನಲ್ಲಿ ಒಂದು ಸಲ ಎತ್ತಿದ ಕೈಯನ್ನು ಎರಡನೇ ಸಲ ಎತ್ತಿದವರನ್ನು ನಾನು ಕಂಡಿರಲಿಲ್ಲ. ಅಪ್ಪ ಏಳೋ ಎಂಟೋ ಸಲ ಎತ್ತಿದರು. ಮೊಣಕೈ ಜೋಮು ಹಿಡಿದು ತೋಳು ತಾನಾಗಿ ಜೋತುಬಿತ್ತು. ಆಗ ಎಡಗೈ ಎತ್ತಿದರು. ಅವರ ಬಾಯಿಂದ ಒಂದು ಬೈಗುಳವೂ ಹೊರಡಲಿಲ್ಲ. ಭಾವನ ನಗು ನಿಂತುಹೋಗಿತ್ತು. ರುದ್ರಮುನಿ ಹೋಗಿ ಅಪ್ಪನ ಬೆನ್ನ ಮೇಲೆ ಕೈ ಇಟ್ಟ.

ಅಪ್ಪ ಉಸಿರು ಸುಧಾರಿಸಿಕೊಂಡರು. ಟವೆಲ್ಲಿನಿಂದ ಮುಖ ಒರೆಸಿಕೊಂಡು, ಯಾವಾಗಲೂ ಮಾತಾಡುವ ಮರ್ಯಾದೆಯ ದನಿಯಲ್ಲೇ ಹೇಳಿದರು: ‘ಬನ್ನಿ, ನಿಮ್ಮನ್ನ ಬಸ್ಸಿಗೆ ಬಿಟ್ಟು ಬರ್ತೀನಿ.’

‘ಬಸ್ಸು ಐದಕ್ಕಲ್ವಾ ಮಾವ? ವನಜಾ ಇನ್ನೂ...’

‘ಸೇತುವೆ ಆಚೆ ಕಾಯೋಣ ಬನ್ನಿ’ ಎಂದರು ಅಪ್ಪ. ನಾನು ಜೊತೆಗೆ ಹೊರಟೆ. ‘ನೀನು ಅಕ್ಕನ ಹತ್ತಿರ ಇರು’ ಎಂದು ತಡೆದರು. ಇಬ್ಬರೂ ಬಿಳಿ ನೆಲ ದಾಟಿ, ಕೆರೆ ಏರಿ ಹತ್ತಿ, ಸೇತುವೆಯ ಕಡೆಗೆ ಹೋಗುವುದನ್ನು ಇಡೀ ಊರು ನಿಂತು ನೋಡಿತು.

ಸಿನಿಮಾದ ವಿಷಯ ಇಲ್ಲೇ ಹೇಳಿ ಮುಗಿಸುತ್ತೇನೆ. ಎರಡು ದಿನ ಬಿಟ್ಟು ಚಕ್ರಪಾಣಿ ಮನೆಗೆ ಬಂದು, ‘ಅಮ್ಮಾ, ಆ ಚೂರು ರೀಲು ಕತ್ತರಿಸಿ ನಿಮ್ಮ ಕೈಗೇ ಕೊಡ್ತೀನಿ’ ಎಂದು ಅಕ್ಕನಿಗೆ ಹೇಳಿದ. ಅಕ್ಕ ಸ್ವಲ್ಪ ಯೋಚಿಸಿ, ‘ಇರಲಿ ಸಾರ್. ಹೇಳಿದ್ರೆ ಗೊತ್ತಾಗಲ್ಲ, ನೋಡ್ಲಿ’ ಎಂದಳು. ಹೊರಗಿನ ಊರುಗಳಲ್ಲಿ ಸಿನಿಮಾ ಎರಡು ದಿನವೂ ಓಡಲಿಲ್ಲ. ಹಾಲಿನ ಕ್ಯಾನು ಹಾರಿದ್ದಕ್ಕೆ ಜನ ನಕ್ಕರಂತೆ. ನಮ್ಮ ಟೆಂಟಿನಲ್ಲಿ ಇಪ್ಪತ್ತೇಳು ದಿನ ನಡೆಯಿತು. ರುದ್ರಮುನಿ ಗಿರಣಿಯಿಂದ ಹಿಟ್ಟು ಮೆತ್ತಿಕೊಂಡೇ ಬಂದು ದಿನವೂ ತನ್ನನ್ನು ತಾನು ನೋಡಿ ಹೋಗುತ್ತಿದ್ದ. ಹಳೆಯ ರೀಲು, ಅರ್ಧ ಸಿನಿಮಾ ಹಸಿರಾಗಿ ಕಾಣುತ್ತಿತ್ತು, ತಗಡಿನ ಮನುಷ್ಯರು ಗಾಳಿಗೆ ವಾಲುತ್ತಿದ್ದರು. ಕೊನೆಯ ಕಾಳಗದ ನಡುವೆ ಎಲ್ಲಿಂದಲೋ ಒಬ್ಬ ಸೀರೆಯುಟ್ಟ ಹೆಂಗಸು ಗುರುಗ್ರಹದ ನೆಲಕ್ಕೆ ಬೀಳುತ್ತಾಳೆ. ಕಥೆಗೆ ಅವಳ ಸಂಬಂಧವೇ ಇಲ್ಲ. ಆ ಹೊತ್ತಿಗೆ ನಮ್ಮೂರಿನ ಒಬ್ಬ ಗಂಡಸೂ ಬೀಡಿ ಸೇದಲು ಏಳುತ್ತಿರಲಿಲ್ಲ. ಈಗ ಆ ಟೆಂಟೂ ಇಲ್ಲ, ರೀಲೂ ಇಲ್ಲ. ಒಮ್ಮೆ ಆ ಹಸಿರು ಬಣ್ಣವನ್ನು ಮತ್ತೆ ನೋಡಬೇಕೆಂದು ಬಹಳ ಆಸೆಯಾಗುತ್ತದೆ.

ಆ ಸೋಮವಾರದ ಸಂಜೆಯ ಮಾತು ಉಳಿದಿದೆ. ಅಪ್ಪ ದೀಪ ಹಚ್ಚುವ ಹೊತ್ತಿಗೆ ಒಬ್ಬರೇ ತಿರುಗಿ ಬಂದರು. ಅಂಗಿಯ ಜೇಬು ಹರಿದಿತ್ತು, ತುಟಿ ಸೀಳಿತ್ತು. ಅಕ್ಕ ಒಲೆಯ ಮುಂದೆ ಕೂತಿದ್ದಳು. ಅಪ್ಪ ಬಂದು ಅವಳೆದುರಿಗೆ ನೆಲದ ಮೇಲೆ ಕೂತು ಬಲಗೈ ಮುಂದೆ ಚಾಚಿದರು. ಬೆರಳ ಗೆಣ್ಣುಗಳೆಲ್ಲ ಊದಿಕೊಂಡು ನೀಲಿಯಾಗಿದ್ದವು. ನಲವತ್ತು ವರ್ಷದಲ್ಲಿ ಸುತ್ತಿಗೆ ಆ ಕೈಗೆ ಎಷ್ಟೋ ಸಲ ಬಿದ್ದಿದೆ, ಅವರು ಒಮ್ಮೆಯೂ ನಮಗೆ ತೋರಿಸಿದವರಲ್ಲ.

ಅಕ್ಕ ಬೋಗುಣಿಗೆ ಬಿಸಿನೀರು ಬಗ್ಗಿಸಿ, ಉಪ್ಪು ಹಾಕಿ, ಅವರ ಕೈಯನ್ನು ಅದರಲ್ಲಿಟ್ಟಳು.

‘ಹೊಡೆದಿದ್ದಕ್ಕೇ ಇಷ್ಟು ನೋಯುತ್ತಲ್ಲಮ್ಮ’ ಎಂದರು ಅಪ್ಪ. ‘ನೀನು ಬಂದ ದಿನಾನೇ ಹೇಳಿದ್ದೆ.’

‘ಹೂಂ. ಹೇಳಿದ್ದೆ.’

‘ಗಂಗಾಧರ, ಆ ಟ್ರಂಕು ತೆಗೆದು ಒಳಗಿಡು’ ಎಂದರು ಅಪ್ಪ. ಇಟ್ಟು ಬಂದು ನಾನೂ ಅವರ ಪಕ್ಕದಲ್ಲಿ ಕೂತೆ. ಅಕ್ಕನ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಅಪ್ಪ ನೀರಿನಲ್ಲಿದ್ದ ಕೈಯನ್ನೇ ನೋಡುತ್ತ ಕೇಳಿದರು: ‘ಇನ್ನೊಂದ್ಸಲ ಹೇಳಮ್ಮ. ಮೊದಲಿಂದ ಹೇಳು.’

ಅಕ್ಕ ಒಲೆಯ ಸೌದೆ ಹಿಂದಕ್ಕೆಳೆದು, ಮದುವೆಯಾದ ಹನ್ನೊಂದನೆಯ ದಿನದಿಂದ ಹೇಳತೊಡಗಿದಳು. ಬೋಗುಣಿಯ ನೀರು ತಣ್ಣಗಾದರೂ ಅಪ್ಪ ಕೈ ತೆಗೆಯಲಿಲ್ಲ. ನಾವಿಬ್ಬರೂ ನಡುವೆ ಒಂದು ಮಾತೂ ಆಡದೆ ಕೊನೆಯ ತನಕ ಕೇಳಿದೆವು.